ಬಲವಂತದ ಶಾಕವ್ರತ

|| ಶ್ರೀ ಹರಿವಾಯುಗುರುಭ್ಯೋ ನಮಃ ||



ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸುತ್ತಾನೆ. ಅಂದಿನಿಂದ ನಮ್ಮ ಮನೆಗಳಲ್ಲಿ ಚಾತುರ್ಮಾಸ್ಯದ ಅಡಿಗೆ ಆರಂಭವಾಗುತ್ತದೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಸೊಪ್ಪುಗಳು ವರ್ಜ್ಯ. ಎರಡನೆಯದು ದಧಿವ್ರತ, ಮೊಸರು ವರ್ಜ್ಯ. ಮೂರನೆಯದು ಕ್ಷೀರವ್ರತ, ಹಾಲು ವರ್ಜ್ಯ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳುಗಳು ವರ್ಜ್ಯ. ಉತ್ಥಾನ ದ್ವಾದಶಿಯವರೆಗೆ ನಾಲ್ಕು ತಿಂಗಳು ನಾಲಗೆಯನ್ನು ಹತೋಟಿಯಲ್ಲಿಟ್ಟು ಮನಸ್ಸನ್ನು ಹರಿಯ ಪಾದಗಳಲ್ಲಿ ನಿಲ್ಲಿಸುವ ಅಭ್ಯಾಸವನ್ನು ಹಿರಿಯರು ನಮಗೆ ಕಲಿಸಿದ್ದಾರೆ.

ಈ ವ್ರತಗಳ ಸ್ವಾರಸ್ಯವನ್ನು ಸ್ವಲ್ಪ ವಿಚಾರಮಾಡಿ ನೋಡೋಣ. ಬಿಡುವುದು ಎಂಬ ಮಾತಿಗೆ ಅರ್ಥ ಬರಬೇಕಾದರೆ ಬಿಡುವ ಪದಾರ್ಥವು ಮೊದಲು ನಮ್ಮಲ್ಲಿರಬೇಕು. ಮನೆಯಲ್ಲಿ ಹಾಲು ಕರೆಯುವ ಹಸುವಿದ್ದು ಹಾಲನ್ನು ಬಿಟ್ಟರೆ ಅದು ವ್ರತ. ಶಾಕವ್ರತದ ತಿಂಗಳಲ್ಲಿ ನಮಗೆ ಹೆಸರುಬೇಳೆ ಇದೆ, ತುಪ್ಪವಿದೆ, ಮೆಣಸು ಜೀರಿಗೆಯ ಸಾರಿದೆ, ಬಿಸಿಲಿನಲ್ಲಿ ಒಣಗಿಸಿಟ್ಟ ಮಾವಿನಕಾಯಿ ಇದೆ. ಒಂದು ಪದಾರ್ಥವನ್ನು ಬಿಟ್ಟಾಗ ಮತ್ತೊಂದು ನಮ್ಮ ಶರೀರವನ್ನು ಕಾಯುತ್ತದೆ. ಹಾಲು ಬಿಡುವ ತಿಂಗಳಲ್ಲಿ ತರಕಾರಿಯು ಮರಳಿ ಬಂದಿರುತ್ತದೆ, ಬೇಳೆ ಬಿಡುವ ತಿಂಗಳಲ್ಲಿ ಹಾಲು ಮರಳಿ ಬಂದಿರುತ್ತದೆ. ನಾಲ್ಕನ್ನೂ ಒಟ್ಟಿಗೆ ಬಿಡಬೇಕೆಂದು ಯಾವ ಹಿರಿಯರೂ ಹೇಳಲಿಲ್ಲ.

ಆದರೆ ನಾಲ್ಕನ್ನೂ ಒಟ್ಟಿಗೆ, ಅದೂ ಹನ್ನೆರಡು ತಿಂಗಳೂ ಬಿಟ್ಟಿರುವ ಮನೆಗಳು ನಮ್ಮ ದೇವಸ್ಥಾನದಿಂದ ಕೂಗಳತೆಯ ದೂರದಲ್ಲಿವೆ. ಈ ಸಂಗತಿಯು ನನ್ನ ಅರಿವಿಗೆ ಬಂದ ಬಗೆಯನ್ನು ತಮ್ಮ ಮುಂದೆ ನಿವೇದಿಸುತ್ತೇನೆ.

ಕಳೆದ ವರ್ಷ ಶಾಕವ್ರತದ ಸಮರ್ಪಣೆಗೆ ಮೊದಲು ಒಂದು ಸಂಜೆ, ಅಂಗಳ ಗುಡಿಸುವ ಹೆಂಗಸು ಎರಡು ದಿನ ಬಾರದಿದ್ದುದರಿಂದ ವಿಚಾರಿಸಲು ಅವಳ ಕೇರಿಗೆ ಹೋಗಿದ್ದೆ. ಬಸ್ ನಿಲ್ದಾಣದ ಆಚೆ, ನಾಲೆಯ ಏರಿಯ ಕೆಳಗೆ ಇರುವ ಎಂಬತ್ತು ಮನೆಗಳ ಕೇರಿ ಅದು. ಗಾರೆ ಕೆಲಸದವರು, ಕಬ್ಬು ಕಡಿಯುವವರು, ಬೀದಿ ಗುಡಿಸುವವರು ಅಲ್ಲಿ ವಾಸಿಸುತ್ತಾರೆ. ಕೇರಿಯ ಬಾಯಲ್ಲಿ ಒಂದೇ ಒಂದು ಪೆಟ್ಟಿಗೆ ಅಂಗಡಿ. ಅದರಲ್ಲಿ ತೋರಣ ಕಟ್ಟಿದಂತೆ ಐದು ರೂಪಾಯಿಯ ಕುರುಕಲು ಪೊಟ್ಟಣಗಳು, ಬಿಸ್ಕತ್ತು, ಬಣ್ಣದ ನೀರಿನ ಬಾಟಲಿಗಳು. ಒಂದು ಕಟ್ಟು ಸೊಪ್ಪಿಲ್ಲ, ಒಂದು ಬಾಳೆಹಣ್ಣಿಲ್ಲ. ಆ ಹೆಂಗಸು ಜ್ವರದಿಂದ ಮಲಗಿದ್ದಳು. ಒಲೆಯ ಮೇಲೆ ಅನ್ನವಿತ್ತು, ಪಕ್ಕದಲ್ಲಿ ಹುಣಿಸೆ ನೀರಿಗೆ ಮೆಣಸಿನಪುಡಿ ಕದಡಿದ ಸಾರಿತ್ತು. ಸೊಪ್ಪನ್ನಾದರೂ ಹಾಕಬಾರದಿತ್ತೇ ಎಂದು ನಾನು ತಿಳಿಯದೆ ಕೇಳಿಬಿಟ್ಟೆ.

“ಸೊಪ್ಪು ಮಾರ್ಕೆಟ್ಟಾಗೆ ಸಿಕ್ತದೆ ಐನೋರೆ. ನಾವು ಕೆಲಸ ಮುಗಿಸ್ಕಂಡು ಬರೋ ಹೊತ್ಗೆ ಅಲ್ಲಿ ಬಾಡಿದ್ದೇ ಉಳಿದಿರ್ತದೆ. ಆಟೋಗೆ ಮೂವತ್ತು ಕೊಟ್ಟು ಇಪ್ಪತ್ತು ರೂಪಾಯಿ ಸೊಪ್ಪು ತರಕ್ಕಾಯ್ತದಾ?” ಎಂದಳು.

ನಾನು ಮನೆಗೆ ಬಂದು ಎಲೆಯ ಮುಂದೆ ಕುಳಿತೆ. ಅಂದು ನಮ್ಮ ಮನೆಯಲ್ಲೂ ತರಕಾರಿ ಇರಲಿಲ್ಲ. ಅವಳ ಮನೆಯಲ್ಲೂ ಇರಲಿಲ್ಲ. ನಮ್ಮದಕ್ಕೆ ಶಾಕವ್ರತವೆಂದು ಹೆಸರು, ಪಂಚಾಂಗದಲ್ಲಿ ಅದಕ್ಕೆ ಆರಂಭವಿದೆ, ಸಮಾಪ್ತಿಯಿದೆ. ಅವಳದಕ್ಕೆ ಸಮಾಪ್ತಿಯ ತಿಥಿಯೇ ಇಲ್ಲ.

ಮಹಾಶಯರೇ, ಇದು ಬಂಜರು ಸೀಮೆಯಲ್ಲ. 1932ರಲ್ಲಿ ಕನ್ನಂಬಾಡಿಯ ಕಟ್ಟೆ ಪೂರ್ಣವಾದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲು ಭತ್ತ ಕಬ್ಬುಗಳಿಂದ ತುಂಬಿತು. ಕೆ.ಆರ್. ಪೇಟೆ, ನಾಗಮಂಗಲಗಳ ಬೆದ್ದಲು ಭೂಮಿ ರಾಗಿ ಹುರುಳಿಗಳನ್ನು ಕೊಡುತ್ತ ಬಂದಿದೆ. ನಮ್ಮ ಹೊಲದ ಟೊಮೆಟೊ, ಬದನೆ, ಸೊಪ್ಪುಗಳು ಬೆಳಗಿನ ಜಾವವೇ ಲಾರಿ ಹತ್ತುತ್ತವೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯು ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಅದರ ಮೇಲೆ ಓಡುವ ತರಕಾರಿಯೂ ನಮ್ಮ ಕೇರಿಗಳನ್ನು ಬಳಸಿಕೊಂಡೇ ಹೋಗುತ್ತದೆ. ಇನ್ನು ನಮ್ಮ ಜನರೂ ಅದೇ ದಾರಿಯಲ್ಲಿ ಹೋದವರು. ಕೆ.ಆರ್. ಪೇಟೆ, ನಾಗಮಂಗಲಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋಗಿದ್ದವರು 2020ರ ಮೇ ತಿಂಗಳಲ್ಲಿ ಸೋಂಕಿನ ಭಯದಿಂದ ಮರಳಿ ಬಂದಾಗ, ಅವರ ಸಂಖ್ಯೆ ಎಷ್ಟು ದೊಡ್ಡದೆಂದು ಜಿಲ್ಲೆಗೆಲ್ಲ ತಿಳಿಯಿತು. ಮಹಾನಗರಗಳ ಇಕ್ಕಟ್ಟಾದ ಕೇರಿಗಳಲ್ಲಿ ಅರೆಹೊಟ್ಟೆ ಉಂಡು ಬಾಳುವವರು ಯಾರೋ ಪರಕೀಯರಲ್ಲ, ನಮ್ಮ ಸೀಮೆಯ ಮಕ್ಕಳೇ ಆಗಿದ್ದಾರೆ.

ಸರ್ಕಾರವು ಏನೂ ಮಾಡಿಲ್ಲವೆಂದು ಹೇಳಿದರೆ ಅಸತ್ಯದ ದೋಷ ಬರುತ್ತದೆ. 2013ರ ಜುಲೈ ತಿಂಗಳಲ್ಲಿ ಅನ್ನಭಾಗ್ಯ ಆರಂಭವಾಯಿತು. ಅದೇ ವರ್ಷ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂದಿತು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದು, 5 ರೂಪಾಯಿಗೆ ಉಪಾಹಾರ, 10 ರೂಪಾಯಿಗೆ ಊಟ ಎಂದು ಬಡಿಸತೊಡಗಿದವು. ಅನಂತರ ಇತರ ಊರುಗಳಿಗೂ ಅವು ಹರಡಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಬಂದಿತು. ಇವೆಲ್ಲವೂ ಪುಣ್ಯಕಾರ್ಯಗಳೇ. ಅಕ್ಕಿಯು ಬಂದುದರಿಂದ ಹಸಿದು ಮಲಗುವುದು ತಪ್ಪಿತು. ಆದರೆ ಹೊಟ್ಟೆ ತುಂಬುವುದೇ ಬೇರೆ, ದೇಹಕ್ಕೆ ಪುಷ್ಟಿ ಬರುವುದೇ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿಗಳಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಾನು ಕಂಡ ಆ ಒಲೆಯ ಮೇಲೆ ನಾಲ್ಕು ಗ್ರಾಂ ಕೂಡ ಇರಲಿಲ್ಲ.

ಇದು ನಮ್ಮ ಧರ್ಮಕ್ಕೆ ಸಂಬಂಧಿಸಿದ ವಿಷಯವೇ ಎಂದು ಕೆಲವರು ಕೇಳಬಹುದು. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನು ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನ ಮಾಡುವೆನೆಂದು ಹೇಳಿದ್ದಾನೆ. ಎಲ್ಲ ಪ್ರಾಣಿಗಳ ದೇಹದಲ್ಲಿ ಎಂಬುದನ್ನು ಗಮನಿಸಬೇಕು. ಪ್ರಾಣಾಹುತಿಯನ್ನು ತೆಗೆದುಕೊಳ್ಳುವಾಗ ನಾವು ಒಳಗಿರುವ ಆ ಅಗ್ನಿಗೆ ಹೋಮ ಮಾಡುತ್ತೇವೆ. ಅದೇ ಅಗ್ನಿಯು ಗಾರೆ ಹೊರುವ ಹೆಂಗಸಿನ ಉದರದಲ್ಲೂ ಉರಿಯುತ್ತಿದೆ. ಯಜ್ಞಕುಂಡಕ್ಕೆ ಕೊಳೆತ ಸಮಿತ್ತನ್ನು ಹಾಕಲು ನಾವು ಒಪ್ಪುವುದಿಲ್ಲವಷ್ಟೆ? ಶ್ರೀಮದಾಚಾರ್ಯರಂತೂ ಜನರ ಸೇವೆಯನ್ನು ರಾಜನಿಗೆ ಸಲ್ಲಿಸುವ ಕಂದಾಯಕ್ಕೆ ಹೋಲಿಸಿದ್ದಾರೆ. ಕಂದಾಯ ಕಟ್ಟಿದವನು ತಾನು ದಾನ ಮಾಡಿದೆನೆಂದು ಹೆಮ್ಮೆಪಡುವಂತಿಲ್ಲ. ಕಟ್ಟದಿದ್ದರೆ ಮಾತ್ರ ಬಾಕಿದಾರನಾಗುತ್ತಾನೆ.

ಆಚಾರ್ಯರ ಬಾಲ್ಯದ ಒಂದು ಪ್ರಸಂಗವನ್ನು ತಾವೆಲ್ಲ ಕೇಳಿದ್ದೀರಿ. ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಅದನ್ನು ವರ್ಣಿಸಿದ್ದಾರೆ. ತಾಯಿಯು ಮನೆಯಲ್ಲಿಲ್ಲದಾಗ ಶಿಶುವು ಹಸಿವಿನಿಂದ ಅತ್ತಿತು. ಏನು ಮಾಡಲೂ ತೋಚದ ಅಕ್ಕನು ದನಗಳಿಗಾಗಿ ಬೇಯಿಸಿಟ್ಟ ಹುರುಳಿಯನ್ನೇ ಉಣಿಸಿದಳು. ಮಗುವು ಅದನ್ನು ಅರಗಿಸಿಕೊಂಡು ನಗುತ್ತಿತ್ತು. ವಾಯುದೇವರ ಸಾಮರ್ಥ್ಯಕ್ಕೆ ಇದು ನಿದರ್ಶನವೆಂದು ಹೇಳುತ್ತೇವೆ, ಅದು ಸರಿ. ಅದರ ಜೊತೆಗೆ ಆ ಅಕ್ಕನನ್ನೂ ನೆನೆಯಬೇಕು. ಮಗು ಅಳುತ್ತಿರುವಾಗ ಅವಳು ಕಾಲಹರಣ ಮಾಡದೆ, ಮನೆಯಲ್ಲಿ ಏನಿತ್ತೋ ಅದನ್ನು ಕೊಟ್ಟಳು. ಹುರುಳಿಯನ್ನು ನಾವು ದನದ ಮೇವೆಂದು ತಾತ್ಸಾರ ಮಾಡುತ್ತೇವೆ. ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಾಲು ಸಸಾರಜನಕವಿದೆಯೆಂದು ವಿಜ್ಞಾನವು ಹೇಳುತ್ತದೆ. ನಾಗಮಂಗಲದ ಬೆದ್ದಲಿನಲ್ಲಿ ಬೆಳೆಯುವ ಕಾಳು ಅದು.

ರಾಗಿಯ ವಿಷಯದಲ್ಲಿ ಕನಕದಾಸರು ರಾಮಧಾನ್ಯ ಚರಿತ್ರೆಯೆಂಬ ಕಾವ್ಯವನ್ನೇ ಬರೆದರು. ಅಕ್ಕಿಯು ರಾಗಿಯನ್ನು ಹೀನಾಯವಾಗಿ ನಿಂದಿಸಿತು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಅಕ್ಕಿಯು ಕೆಟ್ಟಿತು, ರಾಗಿಯು ಕೆಡಲಿಲ್ಲ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಟ್ಟನೆಂಬುದು ಕಥೆ. ಬಡವರ ಧಾನ್ಯಕ್ಕೆ ಭಗವಂತನ ಸಭೆಯಲ್ಲಿ ದೊರೆತ ಮರ್ಯಾದೆ ಅದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು, ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ಈ ಸೀಮೆಯ ಪ್ರಾತಃಸ್ಮರಣೀಯರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. 2023ನೆಯ ವರ್ಷವನ್ನು ಲೋಕವೆಲ್ಲ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. 2024ರಿಂದ ನಮ್ಮ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡತೊಡಗಿದರು. ಶ್ರೀಮಂತರ ಅಂಗಡಿಗಳಲ್ಲಿ ಅದೇ ರಾಗಿಯು ಅಂದದ ಪೊಟ್ಟಣದೊಳಗೆ ಕುಳಿತು ದುಬಾರಿಯಾಗುತ್ತಿದೆ. ರಾಮನು ಬಡವರಿಗಾಗಿ ಉಳಿಸಿಕೊಟ್ಟ ಧಾನ್ಯವು ಬಡವರಿಗೇ ಎಟುಕದಂತಾದರೆ ಅಪಚಾರವಲ್ಲವೇ?

ಇಲ್ಲಿ ನನ್ನದೇ ಒಂದು ಅಪರಾಧವನ್ನು ಹೇಳಿಕೊಳ್ಳಬೇಕು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಆರಾಧನೆಯಂದು ಬಾಗಿಲಲ್ಲಿ ನಿಲ್ಲುವ ಕೆಲಸ ನನ್ನದಾಗಿತ್ತು. ಅದೇ ಕೇರಿಯ ನಾಲ್ಕಾರು ಮಕ್ಕಳು ಬಂದು ನಿಂತರು. “ಎಲ್ಲರದೂ ಮುಗಿಯಲಿ, ಆಮೇಲೆ ಬನ್ನಿ” ಎಂದು ಕಳುಹಿಸಿದೆ. ಪಂಕ್ತಿಗಳು ಮುಗಿಯುವ ಹೊತ್ತಿಗೆ ಮೂರು ಗಂಟೆಯಾಗಿತ್ತು, ಮಳೆಯೂ ಹಿಡಿದಿತ್ತು. ಕೋಸಂಬರಿ, ಪಲ್ಯ, ಹಯಗ್ರೀವ ಎಲ್ಲವೂ ಮುಗಿದು ಬರಿಯ ಅನ್ನ, ಸಾರು ಉಳಿದಿದ್ದವು. ಮಕ್ಕಳು ಮಳೆಯಲ್ಲಿ ನೆನೆಯುತ್ತ ಅದನ್ನೇ ಉಂಡು ಹೋದರು. ಅಂದು ನನಗೆ ಏನೂ ಅನಿಸಲಿಲ್ಲ. ಇಪ್ಪತ್ತು ವರ್ಷದ ಮೇಲೆ ಆ ಒಲೆಯ ಮುಂದೆ ನಿಂತಾಗ ಅದೇ ಅನ್ನ, ಅದೇ ಸಾರು ಕಣ್ಣಿಗೆ ಬಿದ್ದವು.

ಚಾತುರ್ಮಾಸ್ಯದಲ್ಲಿ ಬಿಟ್ಟ ಪದಾರ್ಥವನ್ನು ವ್ರತ ಸಮರ್ಪಣೆಯ ದಿನ ದಾನ ಮಾಡುವುದು ನಮ್ಮ ಸಂಪ್ರದಾಯ. ಶಾಕದಾನ, ದಧಿದಾನ, ಕ್ಷೀರದಾನ, ದ್ವಿದಳದಾನ ಎಂದು ನಾಲ್ಕು. ಈ ದಾನಗಳಲ್ಲಿ ಒಂದು ಪಾಲು ಕೇರಿಗಳಿಗೂ ಸಲ್ಲಬೇಕೆಂದು ನಮ್ಮ ತೀರ್ಥರೂಪರಲ್ಲಿ ಅಂಜುತ್ತಲೇ ವಿಜ್ಞಾಪಿಸಿಕೊಂಡೆ. ಅವರು ಮಡಿಯಲ್ಲಿ ಬಹಳ ನಿಷ್ಠುರರು. ಪಾತ್ರಾಪಾತ್ರ ವಿಚಾರವನ್ನು ಎತ್ತಿಯೇ ತೀರುವರೆಂದು ಎಣಿಸಿದ್ದೆ. ಬಹಳ ಹೊತ್ತು ಮೌನವಾಗಿದ್ದು, “ಅನ್ನಕ್ಕೆ ಹಸಿವೇ ಪಾತ್ರ. ಮಡಿ ಅಡಿಗೆಮನೆಯಲ್ಲಿರಲಿ, ದಾನ ಹೊಸಿಲು ದಾಟಲಿ” ಎಂದರು. ಆ ವರ್ಷದ ಮೊದಲ ಬುಟ್ಟಿಯನ್ನು ಅವರೇ ತುಂಬಿಕೊಟ್ಟರು.

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ನಾಲ್ಕು ಊರುಗಳ ಸದ್ಭಕ್ತರೂ ಹೀಗೆ ನಡೆಯಬಹುದೆಂದು ಪ್ರಾರ್ಥಿಸುತ್ತೇನೆ.

ಶಾಕದಾನದ ಹಣವನ್ನು ಮನೆಗಳವರು ಒಟ್ಟುಗೂಡಿಸಿ, ತಳ್ಳುಗಾಡಿಯಲ್ಲಿ ಮಾರುವ ಒಬ್ಬ ಹೆಣ್ಣುಮಗಳಿಗೆ ಬಂಡವಾಳವಾಗಿ ಕೊಡೋಣ. ಹತ್ತಿರದ ರೈತನಿಂದ ನೇರವಾಗಿ ಕೊಂಡು, ದುಡಿಯುವವರು ಮನೆಗೆ ಮರಳುವ ಸಂಜೆಯ ಹೊತ್ತಿಗೆ ಗಾಡಿಯು ಕೇರಿಯ ಬಾಯಿಗೆ ಬರಲಿ. ಬುಟ್ಟಿ ಕೊಟ್ಟರೆ ಒಂದು ದಿನದ ಪಲ್ಯ, ಗಾಡಿ ಬಂದರೆ ದಿನದಿನದ ಪಲ್ಯ. ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕೆ 2014ರ ಕಾಯಿದೆಯ ರಕ್ಷಣೆಯೂ ಇದೆ. ಮಧ್ಯವರ್ತಿಗಳಿಲ್ಲದೆ ರೈತನ ಮಾಲು ಊರವರಿಗೆ ತಲುಪಲೆಂದೇ 1959ರಲ್ಲಿ ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಘವು ಇಂದಿನ ಹಾಪ್‌ಕಾಮ್ಸ್ ಆಗಿ ಬೆಳೆದುದನ್ನು ತಾವು ಬಲ್ಲಿರಿ. ಒಂದು ಗಾಡಿಯಿಂದ ಆರಂಭಿಸುವುದರಲ್ಲಿ ಸಂಕೋಚ ಬೇಡ. ಮಡಿಯ ಅಡಿಗೆಗೆ ಕೆಲವು ಮನೆಗಳಲ್ಲಿ ಒಲ್ಲದ ನುಗ್ಗೆಸೊಪ್ಪು ಆ ಗಾಡಿಯಲ್ಲಿರಲಿ, ರಕ್ತಹೀನರಿಗೆ ಅದು ಹಿತಕರ. ನಮ್ಮ ನಿಷೇಧವನ್ನು ಪರರ ಗಡಿಗೆಯ ಮೇಲೆ ಹೇರುವುದು ಸಲ್ಲದು.

ದಧಿದಾನದ ಪಾಲನ್ನು ವೃದ್ಧರಿಗೆ ಮೊಸರನ್ನವಾಗಿ ಕೊಡೋಣ. ಕ್ಷೀರವ್ರತದ ಆಶ್ವಯುಜ ಮಾಸದಲ್ಲಿ ದಸರೆಯ ರಜೆ ಬರುತ್ತದೆ. ಶಾಲೆ ಮುಚ್ಚಿದಾಗ ಶಾಲೆಯ ಹಾಲೂ ಬಿಸಿಯೂಟವೂ ನಿಲ್ಲುತ್ತವೆ. ನಾವು ಹಾಲು ಬಿಟ್ಟ ದಿನಗಳೂ ಆ ಮಕ್ಕಳಿಗೆ ಹಾಲು ತಪ್ಪಿದ ದಿನಗಳೂ ಒಂದೇ ಆಗುತ್ತವೆ. ನಮ್ಮ ಮನೆಯಲ್ಲಿ ಉಳಿದ ಹಾಲು ಯಾರ ಪಾಲಿನದೆಂದು ಇದಕ್ಕಿಂತ ಸ್ಪಷ್ಟವಾಗಿ ಭಗವಂತನು ತೋರಿಸಬೇಕೇ? ದ್ವಿದಳದಾನದಲ್ಲಿ ತೊಗರಿ, ಹೆಸರು, ಹುರುಳಿಗಳನ್ನು ತಿಂಗಳ ಕೊನೆಯ ವಾರದಲ್ಲಿ ಕೊಡೋಣ. ಆಗ ಪಡಿತರದ ಅಕ್ಕಿ ಉಳಿದಿದ್ದರೂ ಬೇಳೆಯ ಡಬ್ಬಿ ಬರಿದಾಗಿರುತ್ತದೆ.

ಕಡೆಯದಾಗಿ, ಮುಂದಿನ ಆರಾಧನೆಯಂದು ಬಾಗಿಲಲ್ಲಿ ನಿಲ್ಲುವ ಕೆಲಸವನ್ನು ನನಗೇ ಕೊಡಬೇಕೆಂದು ವ್ಯವಸ್ಥಾಪಕರಲ್ಲಿ ಕೇಳಿಕೊಂಡಿದ್ದೇನೆ. ಮಕ್ಕಳು ಬಂದರೆ ಒಳಗೆ ಕರೆದು, ಕೋಸಂಬರಿ ಪಲ್ಯಗಳು ಇರುವಾಗಲೇ ಎಲೆ ಹಾಕಬೇಕೆಂಬುದು ನನ್ನ ಸಂಕಲ್ಪ. ಅದನ್ನು ನಡೆಸಿಕೊಡುವ ಭಾರ ತಮ್ಮೆಲ್ಲರದು.

ಸರ್ವಾಂತರ್ಯಾಮಿಯಾದ ಶ್ರೀಹರಿಯು ನಮ್ಮ ತ್ಯಾಗವನ್ನೂ ಅವರ ತೃಪ್ತಿಯನ್ನೂ ಒಂದೇ ಪೂಜೆಯಾಗಿ ಸ್ವೀಕರಿಸಲಿ.

|| ಶ್ರೀಕೃಷ್ಣಾರ್ಪಣಮಸ್ತು ||