ಎಡೆ ಸಿಗದವರು

2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ವಧು ತೀರಿಕೊಂಡು ಮೂವತ್ತು ವರ್ಷವಾಗಿತ್ತು. ವರನೂ ಅಷ್ಟೇ ಕಾಲದ ಹಿಂದೆ ತೀರಿಕೊಂಡವನಾಗಿರಬೇಕಿತ್ತು. ಜಾತಿ, ಗೋತ್ರ ಹೊಂದಬೇಕಿತ್ತು. ಹೊರಗಿನವರು ಬಹಳ ಮಂದಿ ನಕ್ಕರು. ಜಾಹೀರಾತು ಕಂಡು ಕರೆ ಮಾಡಿದ ಮನೆಗಳೂ ಇದ್ದವು.

ತುಳುನಾಡಿನ ಕುಲೆ ಮದುವೆ, ಅಂದರೆ ಸತ್ತವರಿಗೆ ಮಾಡುವ ಮದುವೆ, ಗೊತ್ತಿದ್ದವರಿಗೆ ಇದರಲ್ಲಿ ನಗುವಂಥದ್ದು ಕಾಣುವುದಿಲ್ಲ. ಎಳವೆಯಲ್ಲೇ ಹೋದ ಮಗು ಹೆತ್ತವರ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತದೆ. ಅದರ ಓರಗೆಯವರಿಗೆ ಮದುವೆಯಾಗುವ ಕಾಲಕ್ಕೆ ಅದಕ್ಕೂ ಸಂಬಂಧ ಹುಡುಕುತ್ತಾರೆ. ಸಾಮಾನ್ಯವಾಗಿ ಆಟಿ ತಿಂಗಳಲ್ಲಿ ಸೀರೆ, ಕರಿಮಣಿ, ಧಾರೆ, ಊಟ ಎಲ್ಲವೂ ಕ್ರಮಪ್ರಕಾರ ನಡೆಯುತ್ತದೆ. ಎರಡೂ ಮನೆಯವರು ಆಮೇಲೆ ನೆಂಟರಾಗುತ್ತಾರೆ. ಮಾಡದೆ ಬಿಟ್ಟರೆ ಕುಲೆಗೆ ಶಾಂತಿಯಿಲ್ಲ, ಮನೆಗೆ ತಾಪತ್ರಯ ತಪ್ಪದು ಎಂಬ ಭಯ ಇದರ ಹಿಂದಿದೆ, ನಿಜ. ಆದರೆ ಭಯ ಇಲ್ಲಿ ಮಾಡಿಸುವ ಕೆಲಸವನ್ನು ನೋಡಿ: ಬದುಕಲು ಅವಕಾಶವೇ ಸಿಗದ ಮಗುವನ್ನು ಒಂದು ಬಳಗದೊಳಗೆ ಸೇರಿಸುತ್ತದೆ.

ದೆವ್ವದ ಮಾತು ಬಂದಾಗಲೆಲ್ಲ ಇದೆಯೋ ಇಲ್ಲವೋ ಎಂಬಲ್ಲಿಗೇ ನಮ್ಮ ವಾದ ನಿಲ್ಲುತ್ತದೆ. ಇಲ್ಲ ಎಂದೇ ನಾನು ತಿಳಿದವನು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವ ಪ್ರಶ್ನೆ ಬೇರೆ: ಸತ್ತವರೆಲ್ಲ ದೆವ್ವವಾಗುವುದಿಲ್ಲವಲ್ಲ, ಯಾರು ಆಗುತ್ತಾರೆ? ಊರೂರಿನ ಕಥೆಗಳನ್ನು ಕೇಳಿ. ಹೆರಿಗೆಯಲ್ಲಿ ಹೋದ ಬಾಣಂತಿ, ಬಾವಿ ಹಾರಿದ ಸೊಸೆ, ನೇಣು ಹಾಕಿಕೊಂಡ ಹುಡುಗಿ, ಮದುವೆಯಾಗದೆ ಸತ್ತ ಪ್ರಾಯದವನು, ಕೊಲೆಯಾಗಿ ಹೋದವನು. ಮಕ್ಕಳು ಮೊಮ್ಮಕ್ಕಳನ್ನು ಕಂಡು ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಯಜಮಾನ ಹುಣಸೆಮರ ಹತ್ತಿದ್ದು ಅಪರೂಪ. ಅವನಿಗೆ ತಿಥಿಯಿದೆ, ಗೋಡೆಯ ಮೇಲೆ ಪಟವಿದೆ, ಮಹಾಲಯಕ್ಕೆ ಎಡೆಯಿದೆ.

ಅದೇ ಊರುಗಳ ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ತುರು ಬಿಡಿಸಲು ಹೋಗಿ ಮಡಿದವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಗಂಡನ ಚಿತೆ ಏರಿದವಳಿಗೂ ಮಾಸ್ತಿಗಲ್ಲು ಇದೆ, ಬಳೆ ತೊಟ್ಟ ಕೈ ಮೇಲೆತ್ತಿ ನಿಂತಿದೆ. ಅವರದೂ ಅಕಾಲ ಮರಣವೇ. ಊರಿಗಾಗಿ, ಗಂಡನಿಗಾಗಿ ಸತ್ತವರು ಕಲ್ಲಾಗಿ ಪೂಜೆ ಪಡೆದರು. ಮಗುವನ್ನು ಹೆರುತ್ತ ಸತ್ತವಳ ಪಾಲಿಗೆ ಹೆಚ್ಚಾಗಿ ಬಂದದ್ದು ದೆವ್ವದ ಹೆಸರು. ಯಾವ ಸಾವಿಗೆ ಬೆಲೆಯಿದೆ, ಯಾವುದಕ್ಕಿಲ್ಲ ಎಂದು ಸಮಾಜ ಮಾಡಿಕೊಂಡ ತೀರ್ಮಾನವೇ ಇದರಲ್ಲಿ ಕಾಣುತ್ತದೆ. ಸಾಯುವಾಗ ಯಾರಿಗೆ ಅನ್ಯಾಯವಾಗಿದೆ ಎಂಬುದು ಊರಿಗೆ ಒಳಗೊಳಗೇ ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಅದು ದೆವ್ವದ ಕಥೆಯಾಗಿ ಹೇಳಿಕೊಳ್ಳುತ್ತದೆ.

ಸತ್ತವರ ಹಬ್ಬವಾದ ಮಹಾಲಯಕ್ಕೆ ಈ ಅನ್ಯಾಯದ ಅರಿವು ಸ್ವಲ್ಪಮಟ್ಟಿಗೆ ಇದೆ. ಭಾದ್ರಪದದ ಕೃಷ್ಣಪಕ್ಷದಲ್ಲಿ ಚತುರ್ದಶಿಯನ್ನು ಆಯುಧದಿಂದ, ಅಪಘಾತದಿಂದ ಸತ್ತವರಿಗೆ ಮೀಸಲಿಟ್ಟಿದ್ದಾರೆ. ಅಮಾವಾಸ್ಯೆ, ಸತ್ತ ದಿನವೇ ತಿಳಿಯದವರನ್ನೂ ಒಳಗೊಳ್ಳುತ್ತದೆ. ತರ್ಪಣದಲ್ಲಿ ಗುರುವಿಗೆ, ಗೆಳೆಯನಿಗೆ ಕೂಡ ನೀರು ಬಿಡುತ್ತಾರೆ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಇನ್ನೂ ಸರಳ: ಅವರವರಿಗೆ ಏನು ಇಷ್ಟವೋ ಅದೇ. ಮುದ್ದೆ, ಬಾಡಿನ ಸಾರು, ಎಲೆ ಅಡಿಕೆ, ಹೊಸ ಬಟ್ಟೆ, ಸೇದುತ್ತಿದ್ದವರಿಗೆ ಬೀಡಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹೊರಗಿರುತ್ತಾರೆ. ಎಂಥ ಮರ್ಯಾದೆಯ ನಡವಳಿಕೆ ಇದು! ಸತ್ತವರಿಗೆ ನಮ್ಮ ಮೇಲೆ ಹಕ್ಕಿದೆ ಎಂದು ಒಪ್ಪುತ್ತದೆ. ಕರೆದು, ಉಣಿಸಿ, ಕಳಿಸಿಕೊಟ್ಟು ಆ ಹಕ್ಕಿಗೊಂದು ಎಲ್ಲೆಯನ್ನೂ ಹಾಕುತ್ತದೆ.

ಆದರೆ ಹಬ್ಬದಲ್ಲೂ ಪಂಕ್ತಿಭೇದವಿದೆ. ಇದೇ ಪಕ್ಷದ ನವಮಿ ಮುತ್ತೈದೆಯಾಗಿ ಸತ್ತವರದು; ವಿಧವೆಯಾಗಿ ಮನೆ ಸಾಕಿದವಳಿಗೆ ಅಂಥ ವಿಶೇಷ ದಿನವಿಲ್ಲ. ಮಕ್ಕಳಿಲ್ಲದವರಿಗೆ ಎಡೆ ಇಡುವವರು ಯಾರು? ಎಡೆ ಸಿಗದವರಿಗೆ ಉಳಿಯುವುದು ಹುಣಸೆಮರ, ಹಾಳು ಬಾವಿ, ಇಲ್ಲವೇ ಬದುಕಿರುವ ಯಾವಳೋ ಹೆಣ್ಣಿನ ಮೈ.

ನನ್ನ ಸಹನೆ ಮುಗಿಯುವುದು ಇಲ್ಲಿ. ಮೆಟ್ಟಿಕೊಂಡಿದೆ ಎಂದು ಹಿಡಿದು ತಂದವಳಿಗೆ ಮೆಣಸಿನಕಾಯಿ ಹೊಗೆ ಹಾಕುವುದು, ಪೊರಕೆಯಲ್ಲಿ, ಬೆತ್ತದಲ್ಲಿ ಬಡಿಯುವುದು, ಜಡೆ ಹಿಡಿದೆಳೆಯುವುದು. ಸತ್ತವಳಿಗೆ ಆದ ಅನ್ಯಾಯದ ಶಿಕ್ಷೆ ಬದುಕಿರುವ ಇನ್ನೊಬ್ಬಳಿಗೆ. ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆಗೆ ಸತ್ತ ಓರಗಿತ್ತಿಯ ದನಿಯಲ್ಲಾದರೂ ಮಾತಾಡಲು ಸಾಧ್ಯವಾಯಿತೇನೋ. ಆ ಮಾತನ್ನು ಕೇಳಿಸಿಕೊಳ್ಳುವ ಬದಲು ಹೊಡೆದು ಬಾಯಿ ಮುಚ್ಚಿಸುತ್ತಾರೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಕಾಯ್ದೆ ಅಪರಾಧವೆಂದು ಹೇಳಿದೆ. ಆ ಕಾಯ್ದೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಂಬಿಕೆಯ ಬೆಲೆಯನ್ನು ನಂಬುವವರೇ ತೆರುತ್ತಿದ್ದರೆ ಅದು ಅವರ ಪಾಡು. ಇಲ್ಲಿ ತೆರುವವಳು ಬೇರೆ.

ಹಾಗಾದರೆ ಎಡೆಯೂ ಮೂಢನಂಬಿಕೆಯೇ ಅಲ್ಲವೇ, ಸತ್ತವರು ಉಣ್ಣುತ್ತಾರೆಯೇ ಎಂದು ವಿಚಾರವಾದಿ ಗೆಳೆಯರು ಕೇಳುತ್ತಾರೆ. ಉಣ್ಣುವುದಿಲ್ಲ. ಆದರೂ ಸತ್ತವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ, ಅವರ ಉಯಿಲನ್ನು ನಡೆಸುತ್ತೇವೆ, ಅವರ ಮೇಲೆ ಸುಳ್ಳು ಹೊರಿಸಿದರೆ ಸಿಟ್ಟಾಗುತ್ತೇವೆ. ಕೋವಿಡ್‌ನಿಂದ ತೀರಿಕೊಂಡು ವಾರಸುದಾರರು ಬಾರದೆ ಉಳಿದ ನೂರಾರು ಮಂದಿಯ ಚಿತಾಭಸ್ಮವನ್ನು 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವೇ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಆ ಬೂದಿಗೆ ನೋವು ನಲಿವು ಇರಲಿಲ್ಲ. ಹಾಗೆಂದು ಅದನ್ನು ಕಸಕ್ಕೆ ಹಾಕಿದ್ದರೆ ನಾವ್ಯಾರೂ ಸಹಿಸುತ್ತಿರಲಿಲ್ಲ. ಸತ್ತವರು ಎಲ್ಲೋ ಕಾದು ಕುಳಿತಿದ್ದಾರೆ ಎಂದು ನಂಬದೆಯೂ ಅವರ ಋಣವನ್ನು ಒಪ್ಪಬಹುದು.

ಋಣ ಒಪ್ಪಿದ ಮೇಲೆ ಬಾಣಂತಿಗೆ ಎಡೆಯೊಂದೇ ಸಾಲದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಡ್ರಿಪ್ಪಿನ ಗುಣಮಟ್ಟದ ಮೇಲೆ ಅನುಮಾನ ಎದ್ದಿತು, ತನಿಖೆಯಾಯಿತು, ಸದನದಲ್ಲಿ ಗದ್ದಲವಾಯಿತು. ಹಿಂದಿನ ಕಾಲವಾಗಿದ್ದರೆ ಇವರೂ ಕಥೆಯಾಗುತ್ತಿದ್ದರು, ಸಂಜೆಯಾದ ಮೇಲೆ ಮಕ್ಕಳು ಆ ದಾರಿ ಬಿಟ್ಟು ನಡೆಯುತ್ತಿದ್ದರು. ಈಗ ಅವರ ಪರವಾಗಿ ಕೇಳಬೇಕಾದ್ದು ಸ್ಪಷ್ಟವಾಗಿದೆ: ಆ ಬಾಟಲಿಯನ್ನು ಪರೀಕ್ಷಿಸಿದವರು ಯಾರು, ಪಾಸು ಮಾಡಿದವರು ಯಾರು, ತಾಯಿಯಿಲ್ಲದೆ ಉಳಿದ ಕೂಸುಗಳನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು?