ಗಿರಿನಗರದಿಂದ ವನವಾಸಕ್ಕೆ: ಶ್ರುತಸಂಚಾರ ಮತ್ತು ಪಾತ್ರತೆ

ಜ್ಯೇಷ್ಠ ಶುಕ್ಲ ಪಂಚಮಿಯಂದು ಜಿನಾಲಯಗಳಲ್ಲಿ ಶಾಸ್ತ್ರಗಳನ್ನು ಪೀಠದ ಮೇಲಿರಿಸಿ ಪೂಜಿಸುವ ಪದ್ಧತಿಯುಂಟು. ಅನೇಕ ಶ್ರಾವಕ-ಶ್ರಾವಿಕೆಯರು ಅಂದು ಉಪವಾಸವನ್ನೋ ಏಕಭುಕ್ತವನ್ನೋ ಕೈಕೊಳ್ಳುವರು. ಒಂದು ದೇಶದ ಜ್ಞಾನವು ಮತ್ತೊಂದು ದೇಶಕ್ಕೆ ಹೇಗೆ ಸಾಗುತ್ತದೆ, ಸಾಗುವಾಗ ಯಾವುದರಿಂದ ಕೆಡುತ್ತದೆ, ಯಾವುದರಿಂದ ಉಳಿಯುತ್ತದೆ ಎಂಬುದನ್ನು ಈ ಪರ್ವದ ಕಥೆಯು ತಿಳಿಸುತ್ತದೆ.

ವೀರನಿರ್ವಾಣದ 683 ವರ್ಷಗಳೊಳಗೆ ಅಂಗಜ್ಞಾನವು ಕ್ರಮವಾಗಿ ಕ್ಷೀಣಿಸಿತೆಂದು ಪರಂಪರೆಯು ಹೇಳುತ್ತದೆ. ಅದರ ಒಂದಂಶವನ್ನು ಬಲ್ಲ ಧರಸೇನಾಚಾರ್ಯರು ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದರು. ತಮ್ಮೊಡನೆ ಆ ಶ್ರುತವೂ ಅಳಿಯಬಹುದೆಂಬ ಭಯದಿಂದ ಅವರು ದಕ್ಷಿಣಾಪಥದ ಆಚಾರ್ಯರಿಗೆ ಲೇಖವನ್ನು ಕಳುಹಿಸಿದರು. ದಕ್ಷಿಣದಿಂದ ಇಬ್ಬರು ಸಮರ್ಥ ಮುನಿಗಳು ಬಂದರು. ಇವರೇ ಮುಂದೆ ಪುಷ್ಪದಂತ, ಭೂತಬಲಿ ಎಂದು ಪ್ರಸಿದ್ಧರಾದವರು.

ಶ್ರುತವು ಅಳಿಯುವ ಕಾಲ ಸಮೀಪಿಸಿದ್ದರೂ ಗುರುವು ಆತುರಪಡಲಿಲ್ಲ, ಮೊದಲು ಪರೀಕ್ಷಿಸಿದನು. ಒಬ್ಬರಿಗೆ ಅಧಿಕಾಕ್ಷರವುಳ್ಳ, ಮತ್ತೊಬ್ಬರಿಗೆ ಹೀನಾಕ್ಷರವುಳ್ಳ ವಿದ್ಯೆಯನ್ನು ಕೊಟ್ಟು, ಎರಡು ದಿನಗಳ ಉಪವಾಸದಿಂದ ಸಾಧಿಸಿರೆಂದನು. ಸಾಧನೆಯಲ್ಲಿ ಒಬ್ಬ ದೇವತೆ ಹಲ್ಲು ಮುಂಚಾಚಿ, ಇನ್ನೊಬ್ಬಳು ಒಕ್ಕಣ್ಣಿನಿಂದ ಕಾಣಿಸಿಕೊಂಡರು. ದೇವತೆಗಳಿಗೆ ವಿಕಾರವಿರಲಾರದು, ದೋಷವು ಮಂತ್ರದಲ್ಲಿಯೇ ಇದೆ ಎಂದು ಮುನಿಗಳಿಬ್ಬರೂ ಅರಿತು, ಅಕ್ಷರಗಳನ್ನು ತಿದ್ದಿ ಪುನಃ ಸಾಧಿಸಿದರು. ಆ ಬಳಿಕವೇ ಪಾಠವು ಆರಂಭವಾಯಿತು.

ಇಲ್ಲಿರುವ ಮರ್ಮವು ಮನನೀಯವಾದುದು. ವಿಚಾರವು ದೇಶಾಂತರಕ್ಕೆ ಹೋಗುವಾಗ ಅದಕ್ಕೆ ಎರಡು ಅಪಾಯಗಳುಂಟು: ಇಲ್ಲದುದು ಸೇರುವುದು, ಇದ್ದುದು ಬಿಟ್ಟುಹೋಗುವುದು. ಕೇಳಿದುದನ್ನು ಹಾಗೆಯೇ ಒಪ್ಪಿಸುವವನು ಒಳ್ಳೆಯ ವಾಹಕನಲ್ಲ. ದೋಷವನ್ನು ಕಾಣಬಲ್ಲವನೇ ವಾಹಕನು. ಆ ಕಣ್ಣನ್ನು ತೆರೆಸಲೆಂದೇ ಗುರುವು ಉಪವಾಸವನ್ನು ವಿಧಿಸಿದನು. ಹೊಟ್ಟೆಯನ್ನು ಬರಿದುಮಾಡುವುದಷ್ಟೇ ಉಪವಾಸವಲ್ಲ, ಚಿತ್ತವನ್ನು ಜಾಗೃತಗೊಳಿಸುವುದೂ ಅದರ ಫಲವು.

ಪಾಠ ಮುಗಿದೊಡನೆ ಗುರುವು ಅವರನ್ನು ಬೀಳ್ಕೊಟ್ಟನು. ಅಂಕಲೇಶ್ವರದಲ್ಲಿ ವರ್ಷಾಯೋಗವನ್ನು ಕಳೆದು ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ, ಭೂತಬಲಿಗಳು ದ್ರಮಿಳ ದೇಶಕ್ಕೆ ಹೋದರು. ಪುಷ್ಪದಂತರು ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ, ಜಿನಪಾಲಿತನಿಗೆ ಕಲಿಸಿ, ಅವನ ಮೂಲಕ ಭೂತಬಲಿಗಳ ಬಳಿಗೆ ಕಳುಹಿಸಿದರು. ಉಳಿದುದನ್ನು ಭೂತಬಲಿಗಳು ರಚಿಸಲು ಷಟ್ಖಂಡಾಗಮವು ಪೂರ್ಣವಾಯಿತು. ಪಂಚಮಿಯ ಪೂಜೆಯು ಆ ಪೂರ್ತಿಯ ಸ್ಮರಣೆಯೇ.

ಬೀಜವು ಉತ್ತರದ್ದಾದರೂ ಬೆಳೆಯು ದಕ್ಷಿಣದ್ದು. 816ರಲ್ಲಿ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಮುಗಿಸಿದರು. ಅದೇ ಸಿದ್ಧಾಂತದ ಸಾರವನ್ನು 10ನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗಾಗಿ ಗೊಮ್ಮಟಸಾರದಲ್ಲಿ ಸಂಗ್ರಹಿಸಿದರು. 1359ರಲ್ಲಿ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಪ್ರತಿಯೊಬ್ಬರೂ ಪಡೆದುದನ್ನು ಅರಿತು, ತಮ್ಮ ಕಾಲದವರಿಗೆ ತಿಳಿಯುವಂತೆ ಹೇಳಿದರು.

ಆದರೆ ಮೂಲ ಟೀಕೆಯ ತಾಡವೋಲೆಗಳು ಕಾಲಕ್ರಮದಲ್ಲಿ ಮೂಡಬಿದಿರೆಯಲ್ಲಿ ಮಾತ್ರ ಉಳಿದವು. ಕಾಯ್ದವರ ಉಪಕಾರವು ಅಪಾರವಾದುದು. ಅವರಿಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಆದರೂ ಶತಮಾನಗಳ ಕಾಲ ಅವು ದರ್ಶನದ ವಸ್ತುವಾಗಿ ಇದ್ದವೇ ಹೊರತು ಅಧ್ಯಯನದ ವಸ್ತುವಾಗಲಿಲ್ಲ. ಓಲೆಗಳು ಜೀರ್ಣವಾಗುತ್ತ ಬಂದವು. ಹಳಗನ್ನಡ ಲಿಪಿಯಿಂದ ಪ್ರತಿಮಾಡುವ ದೀರ್ಘ ಶ್ರಮದ ಬಳಿಕ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟವು ಹೊರಬಂದಿತು. 1958ಕ್ಕೆ 16 ಸಂಪುಟಗಳು ಮುಗಿದವು. ಗಿರಿನಗರದಿಂದ ಬಂದ ಶ್ರುತವನ್ನು ಕನ್ನಡನಾಡು ಹೀಗೆ ಉತ್ತರಕ್ಕೆ ಮರಳಿಸಿತು.

ಆದುದರಿಂದ ಪಂಚಮಿಯಂದು ಗ್ರಂಥಕ್ಕೆ ಅರ್ಘ್ಯವನ್ನೆತ್ತಿ, ಉಪವಾಸ ಮಾಡಿ, ಅದನ್ನು ಪುನಃ ಬಟ್ಟೆಯಲ್ಲಿ ಸುತ್ತಿಡುವ ಮನೆಯು ವ್ರತವನ್ನು ಅರ್ಧವೇ ಆಚರಿಸಿದಂತಾಯಿತು. ಉಪವಾಸದ ದಿನ ಅಡುಗೆಮನೆಯಲ್ಲಿ ಉಳಿದ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಡತಕ್ಕದ್ದು. ಒಂದು ಗಾಥೆಯನ್ನಾದರೂ ಅರ್ಥಸಹಿತ ಓದಿ, ಮನೆಯ ಮಕ್ಕಳಿಗೆ ಹೇಳಿ, ಅವರು ಕೇಳಿದ ಪ್ರಶ್ನೆಗೆ ಉತ್ತರವನ್ನು ಹುಡುಕತಕ್ಕದ್ದು. ಧರಸೇನರ ಭಯವು ಎಂದೂ ತೀರುವಂಥದಲ್ಲ. ಪ್ರತಿ ತಲೆಮಾರಿನಲ್ಲಿಯೂ ಅದು ಹೊಸದಾಗಿ ಹುಟ್ಟುತ್ತದೆ. ದೂರದಿಂದ ಇಬ್ಬರು ನಡೆದು ಬಂದುದರಿಂದ ಅಂದು ಶ್ರುತವು ಉಳಿಯಿತು. ಇಂದು ಅದು ನಡೆಯಬೇಕಾದ ದಾರಿಯು ಒಂದೇ ಮನೆಯೊಳಗೆ ತಾಯ್ತಂದೆಯರಿಂದ ಮಕ್ಕಳವರೆಗಿನದು. ಅಷ್ಟು ದೂರವನ್ನೂ ಅದು ನಡೆಯದಿದ್ದರೆ ಪೂಜಿಸಿದ ಗ್ರಂಥವು ಮನೆಯಲ್ಲಿದ್ದೂ ಇಲ್ಲದಂತೆಯೇ ಸರಿ.