ದೂರದ ನಾದ

ಗ್ರಾಮಫೋನ್ ತಟ್ಟೆಗಳ ಕಾಲದ ಸಂಗೀತವೆಲ್ಲ ಇಂದು ಅಂಗೈಯ ಫೋನಿನಲ್ಲಿಯೆ ದೊರೆಯುವುದರಿಂದ, ಮಧುಗಿರಿ ಕೊರಟಗೆರೆಗಳಲ್ಲಿ ಕುಳಿತವರು ಕೂಡ ಪಾಶ್ಚಾತ್ಯ ವಾದ್ಯವೃಂದಗಳ ಒಂದು ವಿಚಿತ್ರ ಸಂಗೀತವನ್ನು ಕೇಳಬಹುದಾಗಿದೆ. ಅದಕ್ಕೆ ‘ಎಕ್ಸಾಟಿಕ’ ಎಂದು ಹೆಸರು. ದೂರದ್ದು, ದೂರದ್ದಾದುದರಿಂದಲೇ ಮೋಹಕವಾದುದು ಎಂದು ಅದರ ಭಾವ. ಅಮೆರಿಕದ ಲೆಸ್ ಬ್ಯಾಕ್ಸ್ಟರನು 1951ರಲ್ಲಿ ಪಿಟೀಲುಗಳ ಸಮೂಹಕ್ಕೆ ಡೋಲುಗಳನ್ನು ಕೂಡಿಸಿ, ಕಾಡುಜನರ ಆಚಾರವನ್ನು ಕೇಳಿಸುವೆನೆಂದು ಒಂದು ತಟ್ಟೆಯನ್ನು ಹೊರಡಿಸಿದನು. ಮಾರ್ಟಿನ್ ಡೆನ್ನಿಯೆಂಬವನು ಹೊನೊಲುಲುವಿನ ಹೋಟೆಲೊಂದರಲ್ಲಿ ನುಡಿಸುತ್ತಿದ್ದಾಗ ಹೊರಗೆ ಕಪ್ಪೆಗಳು ವಟಗುಟ್ಟಿದುವಂತೆ. ಜೊತೆಗಾರರು ವಿನೋದಕ್ಕಾಗಿ ಹಕ್ಕಿಗಳ ಹಾಗೆ ಕೂಗಿದರಂತೆ. ಆ ವಿನೋದವೇ 1957ರ ಅವನ ತಟ್ಟೆಯಲ್ಲಿ ಅರಣ್ಯವೆನಿಸಿಕೊಂಡಿತು.

ಪರರನ್ನು ಕುರಿತು ಸುಳ್ಳು ಚಿತ್ರವನ್ನು ಬರೆದ ಸಂಗೀತದಿಂದ ನಾವು ನಿಜವಾದ ಸುಖವನ್ನು ಪಡೆಯುವುದು ನ್ಯಾಯವೆ? ಇದು ಸಂಗೀತಶಾಸ್ತ್ರದ ಪ್ರಶ್ನೆಯಲ್ಲ; ನಡತೆಯ ಪ್ರಶ್ನೆ.

ಈ ಜಾತಿಯ ಸಂಗೀತಕ್ಕೆ ಹಿರಿಯಣ್ಣನೆನ್ನಬಹುದಾದ ಕೃತಿಯೊಂದುಂಟು: ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಕೆಟೆಲ್ಬಿಯು 1920ರಲ್ಲಿ ರಚಿಸಿದ ‘ಪರ್ಷಿಯದ ಸಂತೆಯಲ್ಲಿ’ ಎಂಬುದು. ಒಂಟೆಗಾರರು ಬರುತ್ತಾರೆ, ಭಿಕ್ಷುಕರು ‘ಬಕ್ಷೀಸು’ ಎಂದು ಕೂಗುತ್ತಾರೆ, ರಾಜಕುಮಾರಿ ಬರುತ್ತಾಳೆ, ಹಾವಾಡಿಗನೂ ಬರುತ್ತಾನೆ. ಇದನ್ನು ಶಿರಾದವರು ಕೇಳಿದರೆ ನಗು ಬಾರದಿರದು. ಶಿರಾ 1687ರಲ್ಲಿ ಮೊಗಲರ ಸುಬೆಯ ಮುಖ್ಯ ಪಟ್ಟಣವಾಯಿತು. ಅಲ್ಲಿಯ ಜುಮ್ಮಾ ಮಸೀದಿ 1696ರದು. ಪಾರಸಿಯು ನಮಗೆ ಒಂಟೆಯ ಮೇಲೇರಿ ಬಂದ ಮಾಯೆಯಲ್ಲ. ಜಮೀನು, ದರ್ಖಾಸ್ತು, ಬಜಾರು, ಸರ್ಕಾರ ಎಂಬ ಮಾತುಗಳಾಗಿ ಅದು ನಮ್ಮ ರೈತನ ಬಾಯಲ್ಲಿದೆ, ಬಕ್ಷೀಸೂ ಇದೆ. ಕೆಟೆಲ್ಬಿಗೆ ರಹಸ್ಯವಾದುದು ನಮಗೆ ತಾಲ್ಲೂಕು ಕಚೇರಿಯ ಕಾಗದ!

ಹಾಗೆಂದು ಆ ಕೃತಿಯನ್ನು ಎಸೆದುಬಿಡಬೇಕೆ? ಎಸೆಯುವವನು ಅದರ ಹೆಸರನ್ನು ಓದಿದನೇ ಹೊರತು ನಾದವನ್ನು ಕೇಳಲಿಲ್ಲ. ರಾಜಕುಮಾರಿಯ ಭಾಗದ ರಾಗವು ನಿಜವಾಗಿಯೂ ಇಂಪಾದುದು. ಅದರಲ್ಲಿ ಪರ್ಷಿಯವಿಲ್ಲ, ಹೊಗೆ ಕವಿದ ಕೈಗಾರಿಕೆಯ ನಾಡಿನವನೊಬ್ಬನ ಬಿಸಿಲಿನ ಹಂಬಲವಿದೆ. ಹಾಗೆ ಕೇಳಿದರೆ ಅದು ಪ್ರಾಮಾಣಿಕವಾದ ಸಂಗೀತವೇ. ಆದರೆ ‘ಬರಿಯ ಸಂಗೀತ, ಅದಕ್ಕೇಕೆ ವಿಚಾರ?’ ಎನ್ನುವವರ ಮಾತೂ ನನಗೆ ಹಿಡಿಸದು. ಆ ಸಂತೆಯಲ್ಲಿ ಕೈಯೊಡ್ಡಿ ನಿಂತವನ ಮೊಮ್ಮಗನೂ ಈ ತಟ್ಟೆಯನ್ನು ಕೇಳುತ್ತಾನೆ. ಅವನ ಪಾಲಿಗೆ ಅದು ಬರಿಯ ಸಂಗೀತವಾಗಿರಲಾರದು.

ಪೆರು ದೇಶದ ಯಿಮಾ ಸುಮಾಕ್ ಎಂಬಾಕೆಯ ಗತಿ ಇನ್ನೂ ವಿಚಿತ್ರ. 1950ರಲ್ಲಿ ಬ್ಯಾಕ್ಸ್ಟರನ ವಾದ್ಯವೃಂದದೊಡನೆ ಆಕೆಯ ಹಾಡುಗಳು ಹೊರಟವು. ನಾಲ್ಕು ಸ್ಥಾಯಿಗಳನ್ನೂ ಮೀರಿ ಸಂಚರಿಸುವ ಕಂಠ. ಮಾರುವವರು ಆಕೆಯನ್ನು ಇಂಕಾ ರಾಜವಂಶದವಳೆಂದು ಸಾರಿದರು. ಸಂಶಯಗಾರರು, ಆಕೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಹೆಂಗಸು, ಹೆಸರನ್ನು ತಿರುಗುಮುರುಗಾಗಿ ಬರೆದುಕೊಂಡಿದ್ದಾಳೆಂದು ಪಿಸುಗುಟ್ಟಿದರು. ಈ ಎರಡು ಗದ್ದಲಗಳ ನಡುವೆ ಆ ಕಂಠವನ್ನು ಕಂಠವಾಗಿ ಕೇಳಿದವರೆಷ್ಟು ಮಂದಿ?

ದೂರದ ಸಂಗೀತವನ್ನು ಬೇರೆ ರೀತಿಯಲ್ಲಿ ಕೇಳಿದವರು ನಮ್ಮಲ್ಲಿಯೇ ಇದ್ದರು. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ್ದ ಮೆಟ್ನರನೆಂಬ ಸಂಗೀತಕಾರನನ್ನು ಲೋಕವು ಬಹುಮಟ್ಟಿಗೆ ಮರೆತಿದ್ದಾಗ, ಅವನೇ ನುಡಿಸಿದ ಪಿಯಾನೊ ಕೃತಿಗಳು ತಟ್ಟೆಗಳಲ್ಲಿ ಉಳಿಯಲೆಂದು 1940ರ ದಶಕದ ಕೊನೆಯಲ್ಲಿ ಹಣವನ್ನಿತ್ತವರು ಅವರು. ಅವನ ಮೂರನೆಯ ಕಂಚರ್ಟೊ ಅವರಿಗೇ ಅರ್ಪಿತವಾಗಿದೆ. ಮೆಟ್ನರನ ಹಿಮವೋ ರಷ್ಯದ ಗಂಟೆಗಳೋ ಅವರನ್ನು ಸೆಳೆದಂತೆ ಕಾಣುವುದಿಲ್ಲ. ಸೆಳೆದದ್ದು ಕೃತಿಯ ಕಟ್ಟಡ. ಅರಸರಿಗೆ ಹಣವಿತ್ತು, ಕೊಟ್ಟರು ಎನ್ನಬಹುದು. ಹಣವಿದ್ದ ಅರಸರು ಬಹಳ ಮಂದಿ ಇದ್ದರು. ಹೀಗೆ ಕೇಳಿದವರು ವಿರಳ.

ಇಷ್ಟಾದರೂ, ಎಕ್ಸಾಟಿಕವು ಪಶ್ಚಿಮದವರದೊಂದು ಚಪಲವೆಂದು ನಾವು ಸುಮ್ಮನಿರುವಂತಿಲ್ಲ. ಶಿರಾ, ಪಾವಗಡದ ಕಡೆಯ ಕಾಡುಗೊಲ್ಲರಲ್ಲಿ ಗಣೆಯೆಂಬ ನೀಳವಾದ ಬಿದಿರಿನ ಕೊಳಲುಂಟು. ದನಗಳನ್ನು ಕಾದ ವೀರ ಜುಂಜಪ್ಪನ ಕಥೆಯನ್ನು ಅವರು ಗಣೆಯೊಡನೆ ಹಾಡುತ್ತಾರೆ. ಅದನ್ನು ಕೇಳಿದ ವಿದ್ಯಾವಂತನು ‘ಆಹಾ, ಕಾಡಿನ ನಾದ, ಮುಗ್ಧ ಜನರ ನಾದ’ ಎನ್ನುತ್ತಾನೆ. ಈ ಪ್ರಶಂಸೆಯು ಬ್ಯಾಕ್ಸ್ಟರನ ತಟ್ಟೆಯ ಹೊದಿಕೆಯ ಮೇಲಿನ ಮಾತಿಗಿಂತ ಎಷ್ಟು ಭಿನ್ನ? ಗಣೆ ಊದುವವನು ಮುಗ್ಧನಲ್ಲ. ಅಷ್ಟು ಉದ್ದದ ಬಿದಿರಿಗೆ ಉಸಿರು ತುಂಬಲು ವರ್ಷಗಳ ಅಭ್ಯಾಸ ಬೇಕು. ಕಥೆಯ ಯಾವ ಎಡೆಯಲ್ಲಿ ನಾದವನ್ನು ನಿಲ್ಲಿಸಿ ಮಾತನ್ನು ಎತ್ತಿಕೊಳ್ಳಬೇಕೆಂಬುದನ್ನು ಗುರುಮುಖದಿಂದ ಕಲಿಯಬೇಕು. ಪಿಟೀಲು ವಿದ್ವಾಂಸರ ಕಛೇರಿಯಲ್ಲಿ ನಾವು ಬೆರಳನ್ನೂ ಕಮಾನನ್ನೂ ನೋಡುತ್ತೇವೆ. ಇಲ್ಲಿ ಮಾತ್ರ ಕಂಬಳಿಯನ್ನು ನೋಡುತ್ತೇವೆ. ಪಟ್ಟಣದ ಉತ್ಸವಗಳಲ್ಲಿ ಭಾಷಣಗಳ ನಡುವೆ ಗಣೆಗೆ ಐದು ಹತ್ತು ನಿಮಿಷಗಳು ದೊರೆತರೆ ಹೆಚ್ಚು. ಜುಂಜಪ್ಪನ ಕಥೆಗಾದರೋ ಒಂದು ರಾತ್ರಿ ಸಾಲದು.